ತಂಗಿಗೆ ಕೊಟ್ಟ ಮಣೆ

ಅಲ್ಲ ಕಣೇ ಪೈಡಿತಲ್ಲಿ, ಅಕ್ಕ ಬಂದು ಇಷ್ಟು ಹೊತ್ತಾಯ್ತು, ಒಂದು ಮಾತಾದ್ರೂ ಆಡು! ಕಾಲು ಉರೀತಿದೆಯಾ? ಬೀಸಲಾ?... ಬೇಡ್ವಾ. ಸರಿ. ಹೊದಿಕೆ ಎಳ್ಕೋಬೇಡ, ಬೊಬ್ಬೆ ಒಡೆದೀತು.

ಮೂರು ದಿನ ಬರ್ಲಿಲ್ಲ ಅಂತ ಮುನಿಸಾ? ಲೇತ್ ಬಿಟ್ಟು ಏಳೋಕಾಗ್ಲಿಲ್ಲ ಕಣೇ. ಬಿಸಿ ಪಾತ್ರೆ ಇಡೋ ಮಣೆ, ವಿಶಾಖಪಟ್ಟಣದ ಅಂಗಡಿಯವರಿಗೆ ಇನ್ನೂ ಬೇಕಂತೆ. ನಿಮ್ಮಕ್ಕ ಅಪ್ಪಲಕೊಂಡ ಕಡೆದ ಮಣೆ ಅಂದ್ರೆ ಕಣ್ಮುಚ್ಚಿ ತಗೋತಾರಂತೆ! ಇಷ್ಟು ವರ್ಷ ಗೊಂಬೆ ಕಡೆದು ಸೊಂಟ ಬಿತ್ತು, ಕೊನೆಗೆ ಅನ್ನ ಹಾಕ್ತಿರೋದು... ಯಾಕೆ ಮುಖ ತಿರುಗಿಸ್ತೀ?

ಕುದಿಯೋ ಪುಲುಸಿನ ಸಾರು ಕಾಲ ಮೇಲೆ ಬಿದ್ರೆ ಸಂಕಟವೇ, ಇಲ್ಲ ಅನ್ನಲ್ಲ. ಆದ್ರೆ ತಾಯೀ, ಪಾತ್ರೆನ ನಾನು ಕೊಟ್ಟ ಮಣೆ ಮೇಲೆ ನಿಧಾನ ಇಳಿಸ್ಬೇಕಿತ್ತು. ಹುಟ್ಟಿದಾಗಿಂದ ನಿನಗೆ ಅವಸರ! ನಿಮ್ಮತ್ತೆಗೂ ಅದನ್ನೇ ಹೇಳಿಕಳಿಸಿದ್ದೆ... ಹಾಗೆ ನೋಡ್ಬೇಡ್ವೇ. ಮಣೆ ಏನು ಮಾಡುತ್ತೆ ಪಾಪ? ಅಂಕುಡು ಮರ, ಮೂರು ತಿಂಗಳು ನೆರಳಲ್ಲಿ ಒಣಗಿದ್ದು. ಉಳಿ ಇಟ್ರೆ ಬೆಣ್ಣೆ ಹಾಗೆ ಸುರುಳಿ ಬಿಡ್ತಿತ್ತು. ಕೇದಗೆ ಗರಿಯಿಂದ ಉಜ್ಜಿ ನುಣುಪು ಮಾಡಿದ್ದು, ಅಷ್ಟೇ. ಬಿಸಿ ಇಡೋದಕ್ಕೆ ಯಾರಾದ್ರೂ ಅರಗು ಹಾಕ್ತಾರಾ? ಕರಗುತ್ತೆ ಅಂತ ನಮ್ಮೂರ ತೊಟ್ಟಿಲ ಕೂಸಿಗೂ ಗೊತ್ತು...

ಅರಗಿನ ಮಾತು ಯಾಕೆ ತೆಗೆದೆ ಅಂತಾನಾ? ಸುಮ್ನೆ. ಬಾಯಿಗೆ ಬಂತು. ನೀನೇನೂ ಕೇಳ್ಲಿಲ್ಲ, ಹೌದು... ಏನೂ ಕೇಳ್ಲಿಲ್ಲ.

ಏನೇ ಅದು, ದಿಂಬಿನ ಕೆಳಗೆ? ಮಣೆನಾ! ಒಲೆಗೆ ಹಾಕ್ಲಿಲ್ವಾ? ಕೊಡು ಇಲ್ಲಿ. ಕೊಡೇ!... ಎರಡು ಹೋಳು. ಅಂಚಿಗೆ ಅರಗು ಇಳಿದು ಗಟ್ಟಿಯಾಗಿದೆ.

ನೀನು ನೋಡಿದ್ದೀಯ. ಪುಲುಸು ಬಿದ್ದ ದಿನಾನೇ ನೋಡಿದ್ದೀಯ. ಯಾರಿಗೂ ಹೇಳ್ಲಿಲ್ವಾ? ಗಂಡನಿಗೂ?... ಬಯ್ಯೇ. ಒಂದು ಸಲ ಬಾಯ್ತುಂಬ ಬಯ್ದುಬಿಡು!

ಹನ್ನೆರಡು ಕೇಳಿದ್ರು ಕಣೇ ಅಂಗಡಿಯವರು. ಕೊನೇದು ಲೇತ್ ಮೇಲೇ ಸೀಳು ಬಿಡ್ತು. ಮರ ಮುಗಿದಿತ್ತು. ನಿನಗೆ ಅಂತ ಮೊದಲೇ ಒಂದು ತೆಗೆದಿಟ್ಟಿದ್ದೆ, ಎಲ್ಲಕ್ಕಿಂತ ಚೆಂದದ್ದು. ಅದನ್ನ ಅವರ ಪೆಟ್ಟಿಗೆಗೆ ಹಾಕ್ದೆ. ಸೀಳಿಗೆ ಮರದ ಬಣ್ಣದ್ದೇ ಅರಗು ತುಂಬಿ, ಉಜ್ಜಿ, ನಿನ್ನ ಕೈಗಿಟ್ಟೆ. ಕಣ್ಮುಚ್ಚಿ ತಗೋತಾರೆ ಅಂದೆನಲ್ಲ, ಸುಳ್ಳು. ಅವರು ತಿರುಗಿಸಿ ಮುರುಗಿಸಿ ನೋಡ್ತಾರೆ. ತಂಗಿ ನೋಡಲ್ಲ... ಅಕ್ಕ ಕೊಟ್ಟಿದ್ದು ಅಂತ ಕಣ್ಣಿಗೊತ್ತಿಕೊಂಡೆಯಲ್ಲೇ ನೀನು!

ಅಳ್ಬೇಡ್ವೇ. ನಿಮ್ಮತ್ತೆ ಹಿತ್ತಲಲ್ಲಿ ಇನ್ನೂ ಗೊಣಗ್ತಿದ್ದಾರೆ ನೋಡು, ಕೈಯಲ್ಲಿ ಹಿಡಿತ ಇಲ್ಲದವಳು, ನಾಟಿ ಹೊತ್ತಿಗೆ ಸರಿಯಾಗಿ ಮಲಗಿದ್ಲು ಅಂತ. ಆ ಮಾತು ಅವರ ಬಾಯಿಗೆ ಹಾಕಿದವಳು ನಾನೇ.

ಸೆರಗು ಬಿಡು. ಬೇಡ ಅಂತ ತಲೆ ಆಡಿಸ್ಬೇಡ... ಬಿಡೇ ಅಂದ್ರೆ! ನನ್ನ ಮಾನ ಕಾಯೋಕೆ ನೀನು ಇನ್ನೆಷ್ಟು ದಿನ ಬೈಸಿಕೊಳ್ತೀಯ?

ಅತ್ತಮ್ಮಾ! ಕೈಕೆಲಸ ಬಿಟ್ಟು ಒಂಚೂರು ಒಳಗೆ ಬನ್ನಿ. ಹೂಂ, ಈಗಲೇ. ಅವಳ ಗಂಡನ್ನೂ ಕರ್ಕೊಂಡು ಬನ್ನಿ.