ಮರಿಬಸಪ್ಪನವರ ದನಿ ಇರಲಿ

ಸನ್ಮಾನ್ಯ ಅಧ್ಯಕ್ಷರೇ, ಹತ್ತಿ ವರ್ತಕರ ಸಂಘದ ಹಿರಿಯರೇ, ಕೊರಳಿನ ಹಾರ ತೆಗೆಯಲು ಮನಸ್ಸಾಗದೆ ಕೂತಿರುವ ನಮ್ಮ ಅಪ್ಪಾಜಿ ಮರಿಬಸಪ್ಪನವರೇ, ಆದವಾನಿಯ ಅಣ್ಣಂದಿರೇ, ಅಕ್ಕಂದಿರೇ, ಸಭಿಕರೇ.

ನಾನು ಪ್ರತಿಮಾ. ನಮ್ಮ ಮಾರ್ಕೆಟ್ಟಿನ ಮೈಕಿನಲ್ಲಿ ಇಡೀ ಆಯುಷ್ಯ ಹತ್ತಿಯ ದರ ಕೂಗಿದವರ ಮಗಳು. ಸನ್ಮಾನ ಅವರದು, ಮಾತು ಮಾತ್ರ ನನ್ನದು. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಉಳಿದಿರುವುದು ನಾನು ಮಾಡಿದ ದರದ ಆ್ಯಪಿನಲ್ಲಿ. ಆಪರೇಷನ್ನಿಗೂ ಮುಂಚೆಯೇ "ಕೇಳ್ರಪ್ಪೋ" ಎಂಬ ಕೂಗು, ಊರುಗಳ ಹೆಸರು, ಅಂಕಿಗಳನ್ನೆಲ್ಲ ಅವರಿಂದ ಹೇಳಿಸಿ ರೆಕಾರ್ಡ್ ಮಾಡಿಟ್ಟಿದ್ದೆ. ಮಧ್ಯಾಹ್ನದ ಮಂಪರಿನಲ್ಲಿ ಆ ದನಿ ಕೇಳಿದರೆ ಸಾಕು, ಲಂಗ ತೊಟ್ಟ ಹುಡುಗಿಯಾಗಿ ಬಿಳಿ ಹತ್ತಿರಾಶಿಗಳ ನಡುವೆ ತೇಲಾಡುತ್ತಿರುತ್ತೇನೆ. ಎಲ್ಲಿದ್ದೆ? ಹಾಂ, ಆ್ಯಪ್.

ದನಿಯಿಂದ ಆ್ಯಪ್ ಭಾರವಾಗಿದೆ, ತೆರೆಯಲು ತಡ ಮಾಡುತ್ತದೆ ಎಂಬುದು ಸಂಘದ ದೂರು. ನಿಜವಾದ ದೂರು. ಬಿಸಿಲಿನಲ್ಲಿ ನಿಂತವರಿಗೆ ದರ ಬೇಗ ಬೇಡವೇ? ನನ್ನ ಜೊತೆ ಕೋಡ್ ಬರೆಯುವ ಶ್ರೀನು ದನಿಯನ್ನೇ ತೆಗೆದುಬಿಟ್ಟ. "ಅಕ್ಕಾ, ಈಗ ಎಂಥ ಫಾಸ್ಟ್ ಐತಿ ನೋಡ್ರಿ" ಅಂದ. ಬೆರಳು ಮುಟ್ಟಿಸುವುದೇ ತಡ, ದರ ಎದುರಿಗೆ! ಇವತ್ತು ಈ ವೇದಿಕೆಯಲ್ಲಿ ಅದನ್ನೇ ಉದ್ಘಾಟಿಸಬೇಕೆಂದು ಅಧ್ಯಕ್ಷರ ಅಪ್ಪಣೆ.

ಹೋದ ವಾರ ಪರೀಕ್ಷೆಗೆಂದು ಅದನ್ನು ಪೆದ್ದಹರಿವಾಣಂ ಊರಿನ ರೈತ ಉಚ್ಚೀರಪ್ಪನವರ ಕೈಗೆ ಕೊಟ್ಟೆವು. ದರ ಮೂಡಿತು. ಅವರು ಫೋನನ್ನು ಕಿವಿಗಿಟ್ಟುಕೊಂಡು ಕಾದರು. ಕಾದರು, ಕಾದರು, ಕಾದೇ ಕಾದರು.

"ಮರಿಬಸಪ್ಪ ಕೂಗ್ಲಿ ತಡಿಯಮ್ಮಾ. ಆತ ಕೂಗಿ, ನಾ 'ಆಯ್ತಪಾ' ಅನ್ನದೆ ಹತ್ತಿ ಹೆಂಗ ಕೊಡಾಕ ಬರ್ತೈತಿ?"

ನಮ್ಮ ಪದ್ಧತಿ ನಿಮಗೆ ಗೊತ್ತು. ದರ ಕೂಗಿದಾಗ ರೈತ ಓಗೊಡಬೇಕು, ಆಗಲೇ ವ್ಯಾಪಾರ ಕುದುರಿದಂತೆ. ಆ್ಯಪಿನಲ್ಲಿ ಮಾರುವ ಗುಂಡಿ ಒತ್ತುವ ಮೊದಲು ಫೋನಿಗೂ ಓಗೊಡುತ್ತಾರೆ ಜನ! ನಗಬೇಡಿ, ಅಂಥವರು ಈ ಸಭೆಯಲ್ಲೂ ಇದ್ದೀರಿ. ಉಚ್ಚೀರಪ್ಪನವರು ಅವತ್ತು ಹತ್ತಿ ಮಾರದೆ ಹೋದರು. ಶ್ರೀನು ನನ್ನ ಮುಖ ನೋಡಿದ. ನಾವು ಇದನ್ನು ಮಾಡಿದ್ದು ಬೇಗ ತೆರೆಯಲೆಂದೋ, ಹತ್ತಿ ಮಾರಾಟವಾಗಲೆಂದೋ?

ಆದ್ದರಿಂದ, ಅಧ್ಯಕ್ಷರೇ, ನಿಮ್ಮ ಅಪ್ಪಣೆ ಮೀರಿ ದನಿಯನ್ನು ಮತ್ತೆ ಸೇರಿಸಿದ್ದೇನೆ. ದರ ತಕ್ಷಣ ಕಾಣುತ್ತದೆ, ದನಿ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಅವಸರದವರು ಓದಿಕೊಳ್ಳಲಿ, ಉಳಿದವರು ಕೇಳಲಿ. ವೇಗ ಸ್ವಲ್ಪ ಕುಂದಿತೆಂದು ಶ್ರೀನು ಮುನಿಸಿಕೊಂಡಿದ್ದಾನೆ. ಮಂಡಕ್ಕಿ ಮಿರ್ಚಿ ಕೊಡಿಸಿ ಸಮಾಧಾನ ಮಾಡುತ್ತೇನೆ. ದನಿಯನ್ನು ಮಾತ್ರ ತೆಗೆಯಲಾರೆ. ಅದು ನನಗೂ ಬೇಕು.

ನಮ್ಮವ್ವ ಕೊಟ್ರಮ್ಮ ಹತ್ತಿ ಬೆಳೆದವಳಲ್ಲ, ಮಾರಿದವಳೂ ಅಲ್ಲ. ಆದರೂ ದಿನಾ ಊಟಕ್ಕೆ ಮುಂಚೆ ಆ್ಯಪ್ ತೆರೆಯುತ್ತಾಳೆ. ಪಕ್ಕದಲ್ಲೇ ಅಪ್ಪಾಜಿ ಸುಮ್ಮನೆ ಕೂತಿರುತ್ತಾರೆ. ಫೋನು "ಕೇಳ್ರಪ್ಪೋ" ಎಂದಾಗ ಆಕೆ ಫೋನಿನ ಕಡೆ ನೋಡುವುದಿಲ್ಲ. ಅಪ್ಪಾಜಿಯ ಮುಖ ನೋಡುತ್ತಾ ಹೇಳುತ್ತಾಳೆ, "ಕೇಳಾಕತ್ತೀನಿ, ಹೇಳ್ರಿ."

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಧನ್ಯವಾದ. ನಮಸ್ಕಾರ.