ಅಪ್ಪ ಫೋನ್ ಇಟ್ಟ ಮೇಲೆ

ಮಾಜಿ ಸೈನಿಕರ ಕಚೇರಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಅಕ್ಕ, ತಮ್ಮ ಕುಳಿತಿದ್ದರು. ಸೈನ್ಯದಲ್ಲಿದ್ದ ಅವರ ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಅಮ್ಮನ ಪಿಂಚಣಿಯ ಕಾಗದಪತ್ರಕ್ಕಾಗಿ ಬಂದಿದ್ದರು.

"ಒಂದು ಕೇಳ್ತೀನಿ ಕಣೋ, ಸುಳ್ಳು ಹೇಳ್ಬಾರ್ದು. ಅವತ್ತು ನಾನು ಫೋನಲ್ಲಿ ಬೈದಿದ್ದಕ್ಕೆ ಅಪ್ಪ ನೊಂದ್ಕೊಂಡ್ರಾ?"

"ಯಾವತ್ತು?"

"ಹೋಗೋ ಹಿಂದಿನ ದಿನ. ಆಸ್ಪತ್ರೇಲಿ ಸತ್ತ ಹಾಗೆ ನಟಿಸಿ ನರ್ಸನ್ನ ಹೆದರಿಸಿದ್ರಲ್ಲ. 'ನಿಮಗೆ ಬುದ್ಧಿ ಬರೋದು ಯಾವಾಗ? ಇನ್ನು ನನ್ನ ಹತ್ರ ಮಾತಾಡ್ಬೇಡಿ' ಅಂದ್ಬಿಟ್ಟೆ. ಅವರು ಏನೂ ಹೇಳ್ದೆ ಫೋನ್ ಇಟ್ರು."

"ಅಯ್ಯೋ, ಅದಾ! ನಗು ತಡೆಯೋಕಾಗ್ದೆ ಇಟ್ರು ಕಣಕ್ಕ. ದಿಂಬಲ್ಲಿ ಮುಖ ಮುಚ್ಕೊಂಡು ನಕ್ಕಿದ್ದೇ ನಕ್ಕಿದ್ದು."

"ನಿಜವಾಗ್ಲೂ?"

"ಅಮ್ಮನ ಮೇಲಾಣೆ. ಆಮೇಲೆ ಆ ನರ್ಸನ್ನೇ ಕರೆದು, 'ಎಷ್ಟೋ ಮೇಜರುಗಳ ಹತ್ರ ಬೈಸ್ಕೊಂಡಿದೀನಮ್ಮ, ನನ್ನ ಮಗಳಷ್ಟು ಚೆನ್ನಾಗಿ ಯಾರೂ ಬೈದಿಲ್ಲ' ಅಂದ್ರು. ಇಡೀ ವಾರ್ಡಿಗೆ ಹೇಳ್ಕೊಂಡ್ರು."

"ಇಷ್ಟು ದಿನ ಯಾಕೋ ಹೇಳ್ಲಿಲ್ಲ? ನಾನು ಒಂದು ದಿನಾನೂ ನೆಟ್ಟಗೆ ನಿದ್ದೆ ಮಾಡಿಲ್ಲ."

"ನೀನು ಕೇಳ್ಲೇ ಇಲ್ವಲ್ಲಕ್ಕ. ಇನ್ನೊಂದು ಗೊತ್ತಾ? 'ನಾಳೆ ಡಾಕ್ಟರ ದನೀಲಿ ಫೋನ್ ಮಾಡಿ, ನಿಮ್ಮಪ್ಪಂಗೆ ಅವಳಿ ಮಕ್ಕಳಾಗಿವೆ ಅಂತೀನಿ. ಆಗ ಕೇಳು ಅವಳ ಬೈಗುಳ' ಅಂತಿದ್ರು."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು.

ಅಷ್ಟರಲ್ಲಿ ಗುಮಾಸ್ತರು ಅವರನ್ನು ಕರೆದರು.

"ಏಳಕ್ಕ."

"ಒಂದು ನಿಮಿಷ ಇರೋ. ಹೀಗೆ ನಗ್ತಾ ಹೋದ್ರೆ ಅಪ್ಪ ಹೋಗಿದಾರೆ ಅಂತ ಯಾರೂ ನಂಬಲ್ಲ."

ಕಣ್ಣೊರೆಸಿಕೊಂಡು ಎದ್ದು, ತಮ್ಮನ ತೋಳು ಹಿಡಿದು ಒಳಗೆ ಹೋದರು. ಬಾಗಿಲು ಮುಚ್ಚುವಾಗಲೂ ಅವರ ನಗು ಪೂರ್ತಿ ನಿಂತಿರಲಿಲ್ಲ.