ಚಂದ್ರನ ಹೆಸರಿದ್ದ ಫೈಲ್, ಇಲ್ಲದ ಫೈಲ್

ನನ್ನ ಹೆಸರು ಮೋಕ್ಷಿತಾ, ತಂದೆ ಐತ, ವಯಸ್ಸು 18, ಬಿಸಿಎ ಮೊದಲ ವರ್ಷದ ವಿದ್ಯಾರ್ಥಿನಿ. ಸ್ವಂತ ಊರು ಮರವಂತೆ, ಹಾಲಿ ವಾಸ ಕುಂದಾಪುರದ ಹಾಸ್ಟೆಲ್. ನಾನಾಗಿಯೇ ಠಾಣೆಗೆ ಬಂದು ತಿಳಿಸುವುದು ಏನೆಂದರೆ:

ಗಂಗೊಳ್ಳಿ ಬಂದರಿನಲ್ಲಿ ಬೋಟಿನವರ ಶೆಡ್ಡಿನ ಕಂಪ್ಯೂಟರ್ ನೋಡಿಕೊಳ್ಳುವ ಅಣ್ಣಯ್ಯ ನನ್ನ ಸೋದರಮಾವ. ಯಾವ ಬೋಟಿನಲ್ಲಿ ಯಾರು ಕಡಲಿಗೆ ಹೋದರೆಂದು ದಾಖಲಿಸುವ ಡೇಟಾಬೇಸ್ ಫೈಲನ್ನು ರಜೆಯಲ್ಲಿ ನಾನೇ ಮಾಡಿಕೊಟ್ಟಿದ್ದೆ. ಅದು ಡೆಸ್ಕ್‌ಟಾಪ್ ಮೇಲಿದೆ. ಬ್ಯಾಕಪ್‌ಗೆಂದು ಮಾವ ದಿನಾ ಅದನ್ನು ನನಗೆ ಮೇಲ್ ಮಾಡುತ್ತಾರೆ.

ನಿನ್ನೆ ಸೋಮವಾರ ಸಂಜೆ ತಾಂಡೇಲ, ಅಂದರೆ ಬೋಟ್ ನಡೆಸುವ ರಾಜೀವರ ಬೋಟ್ ಹೊರಟಿತು. ರಾತ್ರಿ ಅದರ ಸಂಪರ್ಕ ತಪ್ಪಿತು. ಹುಡುಕಲು ಹೋಗುವ ಬೋಟಿಗೆ ಮಾವ ಡೀಸೆಲ್ ಹೊಂದಿಸುತ್ತಿದ್ದುದರಿಂದ ಪೊಲೀಸರೇ ಡೆಸ್ಕ್‌ಟಾಪ್ ಫೈಲಿನಿಂದ ಪ್ರಿಂಟ್ ತೆಗೆದರು. ಅದರಲ್ಲಿ ಎಂಟು ಹೆಸರಿದ್ದವು. ಈ ದಿನ ಬೆಳಿಗ್ಗೆ, ಇಂಜಿನ್ ಕೆಟ್ಟಿದ್ದ ಆ ಬೋಟನ್ನು ಇನ್ನೊಂದು ಬೋಟ್ ಎಳೆದು ತಂದಿತು. ಇಳಿದವರು ಏಳೇ ಜನ. ಎಂಟನೆಯವನಾದ ಚಂದ್ರ ಇರಲಿಲ್ಲ. ಅವನ ಚೀಲ, ಮೊಬೈಲ್ ಮಾತ್ರ ಬೋಟಿನಲ್ಲಿದ್ದವು.

ಹೊರಡುವಾಗಲೇ ವಾಂತಿ ಬಂದು ಚಂದ್ರ ಇಳಿದುಹೋದನೆಂದು ರಾಜೀವರು ಹೇಳಿದರು. ಅವರು ಫೋನ್ ಮಾಡಿ ತಿಳಿಸಿದ ಕೂಡಲೇ ಹೆಸರು ತೆಗೆದೆನೆಂದು ಮಾವ ಹೇಳಿದರು. ಆದರೆ ಪೊಲೀಸರು ನೋಡಿದ ಫೈಲಿನಲ್ಲಿ ಹೆಸರು ಹಾಗೇ ಇತ್ತು. ಇಬ್ಬರೂ ಸೇರಿ ಏನೋ ಮುಚ್ಚುತ್ತಿದ್ದಾರೆಂದು ಜನ ಆಡಿಕೊಂಡರು. ಇಬ್ಬರನ್ನೂ ಠಾಣೆಯಲ್ಲಿ ಕೂರಿಸಿದರು. ಚಂದ್ರನ ತಾಯಿ ಕುಸುಮಮ್ಮ ಬೋಟ್ ಕಟ್ಟುವ ದಕ್ಕೆಯಿಂದ ಏಳಲಿಲ್ಲ.

ನಾನು ಇಂಟರ್ನಲ್ಸ್ ಪರೀಕ್ಷೆ ಬಿಟ್ಟು ಬಸ್ ಹತ್ತಿ ಶೆಡ್ಡಿಗೆ ಬಂದೆ. ನನ್ನ ಫೈಲೇ ಸರಿಯಾಗಿ ಸೇವ್ ಆಗುತ್ತಿಲ್ಲವೇನೋ ಎಂಬ ಟೆನ್ಶನ್‌ನಲ್ಲಿ ಕಂಪ್ಯೂಟರಿನ ಪಾಸ್‌ವರ್ಡ್ ಎರಡು ಸಲ ತಪ್ಪು ಒತ್ತಿದೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಅದೇ ಹೆಸರಿನ ಫೈಲ್ ಇನ್ನೂ ಹನ್ನೊಂದು ಇದ್ದವು. ಯಾರೋ ಹ್ಯಾಕ್ ಮಾಡಿದ್ದಾರೆಂದುಕೊಂಡು ಒಂದೊಂದನ್ನೇ ತೆರೆದು ನೋಡಿದೆ. ಕೊನೆಯದು ಸೋಮವಾರ ಸಂಜೆ 5.52ಕ್ಕೆ ಸೇವ್ ಆಗಿತ್ತು. ಅದರಲ್ಲಿ ಏಳೇ ಹೆಸರು.

ಠಾಣೆಗೆ ಫೋನ್ ಮಾಡಿ ಮಾವನನ್ನು ಕೇಳಿದೆ. ನನಗೆ ಕಳಿಸಿದ ಮೇಲ್ ಪರದೆಯಲ್ಲೇ ಇತ್ತು, ಅಲ್ಲಿಂದಲೇ ಫೈಲ್ ತೆರೆದು ತಿದ್ದಿದೆ, ಎಷ್ಟೋ ಸಲ ಹಾಗೇ ಮಾಡಿದ್ದೇನೆ ಎಂದರು. ಹಾಗೆ ತೆರೆದರೆ ಪ್ರತಿ ಸಲ ಬೇರೆ ಕಾಪಿ ಹುಟ್ಟುತ್ತದೆ, ಡೆಸ್ಕ್‌ಟಾಪಿನದು ಬದಲಾಗುವುದಿಲ್ಲ ಎಂದೆ. "ಎಂತ ಮರಾಯ್ತಿ, ಯಾವ ಬಾಗ್ಲಲ್ಲ್ ಒಳ್ಗ್ ಹೋದ್ರೂ ಮನಿ ಒಂದೇ ಅಲ್ದಾ?" ಎಂದು ನನಗೇ ಬೈದರು.

ಠಾಣೆಯ ಸಾಹೇಬರು ಶೆಡ್ಡಿಗೆ ಬಂದು ಎರಡೂ ಪಟ್ಟಿ, ಮಾವನ ಮೊಬೈಲಿಗೆ ರಾಜೀವರ ಕರೆ ಬಂದ ಸಮಯ ನೋಡಿದರು. ಕರೆಯ ಸಮಯಕ್ಕೂ ಫೈಲ್ ಸೇವ್ ಆದ ಸಮಯಕ್ಕೂ ತಾಳೆಯಾದ್ದರಿಂದ ಚಂದ್ರನನ್ನು ದಡದ ಮೇಲೆ ಹುಡುಕಿಸಿದರು. ಅವನ ಅಕ್ಕನಿಗೆ ಫೋನ್ ತಾಗದ ಕಾರಣ ಸಿದ್ದಾಪುರದ ಅವರ ಮನೆಗೇ ಜನ ಹೋದರು. ಕೆಲಸ ತಪ್ಪಿಸಿದ್ದಕ್ಕೆ ತಾಯಿ ಬೈಯುತ್ತಾರೆಂದು ಅವನು ಅಲ್ಲಿಗೆ ಹೋಗಿದ್ದ. ಗಂಜಿ ಉಣ್ಣುತ್ತಿದ್ದನಂತೆ. ಚಂದ್ರನನ್ನು ಕಡಲಿನಲ್ಲಿ ಹುಡುಕುತ್ತಿದ್ದಾರೆಂದು ಹೇಳಿದಾಗ ಯಾವ ಚಂದ್ರ ಎಂದು ಕೇಳಿದನಂತೆ.

ಅವನು ಬಂದಿಳಿದಾಗ ಕುಸುಮಮ್ಮ ಬೆನ್ನಿಗೆ ಎರಡು ಬಾರಿಸಿ, ಒಂದು ಫೋನ್ ಮಾಡಲು ಆಗಲಿಲ್ಲವೇ ಎಂದು ಕೇಳಿದರು. "ನಾ ಹೋಯ್ಲಿಲ್ಲ, ಫೋನ್ ಹೋಯ್ತ್ ಅಬ್ಬಿ" ಎಂದ. ರಾಜೀವರೂ ನಕ್ಕರು. ಮಾವ ನನ್ನ ತಲೆ ಮೇಲೆ ಕೈ ಇಟ್ಟರು.

ಎಲ್ಲ ಕಾಪಿಗಳನ್ನೂ ಪೆನ್‌ಡ್ರೈವಿನಲ್ಲಿ ಹಾಜರುಪಡಿಸಿದ್ದೇನೆ. ಎಂಟು ಹೆಸರಿನ ಫೈಲಿನಿಂದ ಮಗನ ಹೆಸರು ತೆಗೆಯಬೇಕೆಂದು ಕುಸುಮಮ್ಮ ಹಟ ಹಿಡಿದಿದ್ದಾರೆ. "ಅದ್ರಲ್ಲ್ ಅಂವ ಇನ್ನೂ ಕಡ್ಲಗೇ ಇದ್ದ ಅಲ್ದಾ ಮಗಾ?" ಎನ್ನುತ್ತಾರೆ. ಸಾಕ್ಷಿಗೆ ಬೇಕೆಂದು ಸಾಹೇಬರು ಹೇಳಿದ್ದರಿಂದ ನಾನು ಮುಟ್ಟಿಲ್ಲ. ಕೇಸ್ ಮುಗಿದ ದಿನವೇ ಆ ಹೆಸರು ಅಳಿಸಲು ಅನುಮತಿ ಕೊಡಬೇಕಾಗಿ ವಿನಂತಿ. ಕುಸುಮಮ್ಮ ಈಗಲೂ ಹೊರಗೆ ಬೆಂಚಿನ ಮೇಲೆ, ಪಕ್ಕದಲ್ಲಿರುವ ಚಂದ್ರನ ಅಂಗಿ ಹಿಡಿದೇ ಕೂತಿದ್ದಾರೆ.

ಇದಿಷ್ಟು ನಾನು ಕಂಡದ್ದು, ಕೇಳಿದ್ದು. ಓದಿಸಿ ಕೇಳಿದೆ, ನಾನು ಹೇಳಿದಂತೆಯೇ ಇದೆ.

ಸ್ಥಳ: ಗಂಗೊಳ್ಳಿ
ದಿನಾಂಕ: 14-10-2025
ಸಹಿ: ಮೋಕ್ಷಿತಾ